ಡಬ್ಬಿಯೊಳಗಿನ ಉಸಿರು

ಕಂತು ಹನ್ನೊಂದು

"ಶಿವಕ್ಕ, ಈ ಡಬ್ಬಿ ಮುಟ್ಟಿದವರು ಯಾರು?"

ಮನೆಗಾಡಿಯ ಹಿಂಭಾಗದಲ್ಲಿ, ಮಂಚದ ಪಕ್ಕ ಮಂಡಿಯೂರಿ ಕೂತಿದ್ದ ವೇದಾ ತಲೆಯೆತ್ತದೆ ಕೇಳಿದಳು. ಅವಳ ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಮೇಲೆ ತೂತಿನ ತಟ್ಟೆ, ಅದರಲ್ಲಿ ತೇವ ಹೀರುವ ಹರಳು. ಹರಳು ಹೀರಿದ ನೀರು ತೊಟ್ಟಿಕ್ಕಿ ಕೆಳಗೆ ಕೂಡುತ್ತದೆ. ಚಳಿಗಾಲವಿಡೀ ಒಂದೇ ಕಡೆ ನಿಂತಿರುವ ಗಾಡಿಯೊಳಗೆ ಬೂಷ್ಟು ಹಿಡಿಯದಿರಲಿ ಎಂದು ಇಡುವ ಸಾಮಾನು.

"ಯಾರು ಮುಟ್ಟತಾರ್ರಿ? ನಾನ ಇಟ್ಟಿದ್ದು. ನವೆಂಬರ್ ಹದಿನೈದಕ್ಕ. ನೋಡ್ರಿ, ಮಗ್ಗಲಕ್ಕ ತಾರೀಖು ಬರದೀನಿ."

"ಡಬ್ಬಿ ನಿಮ್ಮದೇ. ಒಳಗಿರೋ ಹರಳು ನಿಮ್ಮದಲ್ಲ."

ಶಿವಕ್ಕ ಬಗ್ಗಿ ನೋಡಿದಳು. ಹರಳು ಇಟ್ಟು ಹತ್ತು ವಾರ ಕಳೆದಿತ್ತು. ಅರ್ಧವಾದರೂ ಕರಗಿ, ಉಳಿದದ್ದು ಮುದ್ದೆಯಾಗಿ ಕೂತಿರಬೇಕಿತ್ತು. ಡ್ರೈವರ್ ಸೀಟಿನ ಹಿಂದೆ ಇಟ್ಟಿದ್ದ ಇನ್ನೊಂದು ಡಬ್ಬಿಯಲ್ಲಿ ಹಾಗೆಯೇ ಆಗಿತ್ತು, ಈಗಷ್ಟೇ ನೋಡಿ ಬಂದಿದ್ದರು. ಮಂಚದ ಪಕ್ಕದ ಈ ಡಬ್ಬಿಯಲ್ಲಿ ಮಾತ್ರ ಹರಳು ಈಗ ತಾನೇ ಚೀಲ ಬಿಚ್ಚಿ ಸುರಿದ ಕಲ್ಲುಪ್ಪಿನ ಹಾಗೆ ಬೆಳ್ಳಗಿತ್ತು.

"ಅಯ್ಯ ಶಿವನ" ಎಂದಳು ಶಿವಕ್ಕ.

ಗಾಡಿ ಅವಳ ಗಂಡ ರುದ್ರೇಶನದು. ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಮೋಟಾರ್‌ಹೋಮ್. ಗಂಡ ಹೆಂಡತಿಯ ಬಾಯಲ್ಲಿ ಮಾತ್ರ ಅದು ಮನಿಗಾಡಿ. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್ ದಾಟಿದ ಮೇಲೆ, ಕಾಲುವೆಯ ಬದಿಗೆ, ಇಂಥ ಗಾಡಿಗಳನ್ನು ಚಳಿಗಾಲಕ್ಕೆ ನಿಲ್ಲಿಸುವ ಒಂದು ಅಂಗಳವಿದೆ. ಅಲ್ಲಿ ಮೂರನೆಯ ಸಾಲಿನ ಕೊನೆಯಲ್ಲಿ ಅದು ನಿಂತಿತ್ತು. ೨೦೦೪ರ ಜನವರಿ, ಶನಿವಾರದ ಬೆಳಗು.

ಬಸ್ ಡಿಪೋಗೆಂದು ಮನೆಯಿಂದ ಹೊರಟ ರುದ್ರೇಶ ಮರಳಿ ಬಾರದೆ ಎರಡು ವರ್ಷ ಮೂರು ತಿಂಗಳಾಗಿತ್ತು. ಪೊಲೀಸರು ಫೈಲು ಮುಚ್ಚಿದ್ದರು. ಶಿವಕ್ಕ ಮುಚ್ಚಿರಲಿಲ್ಲ. ಹತ್ತು ವರ್ಷ ಇನ್ಷೂರೆನ್ಸ್ ಕಂಪನಿಗೆ ಮನೆ ಮನೆಯ ತೇವ ತಪಾಸಣೆ ಮಾಡಿ, ಈಗ ತನ್ನದೇ ಪತ್ತೇದಾರಿ ಕಚೇರಿ ತೆರೆದಿದ್ದ ವೇದಾ ಎಂಬ ಈ ಬೆಂಗಳೂರಿನ ಹೆಣ್ಣುಮಗಳ ಬಾಗಿಲು ತಟ್ಟಿದ್ದಳು. ಗಂಡ ಇದ್ದಾನೋ ಇಲ್ಲವೋ, ಅದೊಂದು ಗೊತ್ತಾಗಬೇಕು ಅವಳಿಗೆ. ಹಣೆಗೆ ಕುಂಕುಮ ಇಡಬೇಕೋ ಬೇಡವೋ ಎಂದು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲುವುದು ತಪ್ಪಬೇಕು.

ಇವತ್ತೇ ಬಂದದ್ದಕ್ಕೂ ಕಾರಣವಿತ್ತು. ಸೋಮವಾರ ಗಾಡಿ ಕೊಳ್ಳುವವನು ಬರುತ್ತಾನೆ.

ಕೊಳ್ಳುವವನನ್ನು ಹುಡುಕಿದವಳು ಕೃಷ್ಣವೇಣಿ. ರುದ್ರೇಶನ ಬೆನ್ನಿಗೆ ಬಿದ್ದ ತಂಗಿ, ಶಿವಕ್ಕನಿಗೆ ನಾದಿನಿ. ಹೇಸ್‌ನಲ್ಲಿ ಶಿವಕ್ಕನ ಮನೆಯಿಂದ ಎರಡು ಬೀದಿ ಆಚೆಗೆ ಅವಳ ಮನೆ. ಊರಿಗೆ ಊರೇ ಮರೆತರೂ ಶಿವಕ್ಕನ ಕೈ ಬಿಡದವಳು ಅವಳೊಬ್ಬಳೇ. ಪ್ರತಿ ಸೋಮವಾರ ಸಂಜೆ ಬಂದು ಕೂರುತ್ತಿದ್ದಳು. ಇಬ್ಬರೂ ಹತ್ತಿ ಹಿಡಿದು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೃಷ್ಣವೇಣಿ ಎಡಚಿ. ಅವಳು ಹೊಸೆದ ಬತ್ತಿಯನ್ನು ಎಣ್ಣೆಗೆ ಇಡುವ ಮುಂಚೆ ಶಿವಕ್ಕ ರೂಢಿಯ ಮೇಲೆ ಇನ್ನೊಂದು ಸುತ್ತು ತಿರುವಿದರೆ, ಬಿಗಿಯುವ ಬದಲು ಬಿಚ್ಚಿಕೊಂಡು ಬಿಡುತ್ತಿತ್ತು. "ನಿನ್ನ ಬತ್ತಿನೂ ನಿನ್ನಂಗ, ನಾ ಅಂದದ್ದಕ್ಕ ಉಲ್ಟಾ" ಎಂದು ಶಿವಕ್ಕ ಕಾಡಿಸುವಳು. ವಾರದಲ್ಲಿ ಅವಳು ನಗುತ್ತಿದ್ದದ್ದು ಆ ಒಂದು ಗಳಿಗೆ.

ಆ ಕೃಷ್ಣವೇಣಿಯೇ ಈಚೆಗೆ ಬೇರೆ ರಾಗ ತೆಗೆದಿದ್ದಳು. "ವೈನೀ, ಸಾಕಿನ್ನ. ಅಣ್ಣ ಬರೂದಿಲ್ಲ. ಗಾಡಿ ಮಾರಿಬಿಡು, ಮಾಡೂದು ಮಾಡಿ ಮುಗಿಸು." ಇವತ್ತು ತನ್ನ ಕಾರಿನಲ್ಲೇ ಕರೆತಂದಿದ್ದಳು. ಗಾಡಿಯೊಳಗೆ ಮಾತ್ರ ಕಾಲಿಡಲಿಲ್ಲ. "ಆ ತೇವದ ವಾಸನಿಗೆ ನಂಗ ಉಬ್ಬಸ ಬರತೈತಿ" ಎಂದು ಹೊರಗೆ ಕಾರಿನಲ್ಲೇ ಕೂತಳು.

"ಶಿವಕ್ಕ, ಇಲ್ಲಿ ಬನ್ನಿ. ಈ ಕಿಟಕಿ ಮುಟ್ಟಿ ನೋಡಿ."

ಮಂಚದ ಪಕ್ಕದ ಕಿಟಕಿ ಒಳಗಿನಿಂದ ಬೆವೆತಿತ್ತು. ಹನಿಗಳು ಒಂದಕ್ಕೊಂದು ಕೂಡಿ ಗೆರೆಗೆರೆಯಾಗಿ ಇಳಿಯುತ್ತಿದ್ದವು.

"ಮುಂದಿನ ಗಾಜು?"

"ಒಣಾ ಐತ್ರಿ."

"ನಡುವಿನ ಈ ಜಾರುಬಾಗಿಲು ನೀವು ಹೋಗುವಾಗ ಹೇಗಿತ್ತು?"

"ತಗದ ಬಿಟ್ಟಿದ್ದೆ. ಗಾಳಿ ಆಡಬೇಕಲ್ರಿ. ಕಪಾಟು, ಫ್ರಿಜ್ಜು, ಎಲ್ಲಾ ಬಾಗಿಲಾ ತಗದ ಬಿಡೂದು ನಾವು. ಹಾಸಗಿ ಸುದ್ದಾ ನಿಂದರಿಸಿ ಇಡತೇವಿ, ಕೆಳಗ ಬೂಷ್ಟು ಬರಬಾರದಂತ."

"ನಾವು ಬಂದಾಗ ಬಾಗಿಲು ಹಾಕಿತ್ತು. ಹಾಸಿಗೆ ಮಲಗಿಸಿತ್ತು." ವೇದಾ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು. "ಖಾಲಿ ಗಾಡಿಯಲ್ಲಿ ಹರಳು ನಿಧಾನ ಕರಗುತ್ತೆ, ಮುಂದಿನ ಡಬ್ಬಿ ಥರ. ಮನುಷ್ಯ ಮಲಗಿದರೆ ಕಥೆ ಬೇರೆ. ಒಂದು ನಿದ್ದೆ ಮುಗಿಯೋ ಅಷ್ಟರಲ್ಲಿ ಉಸಿರಿನಲ್ಲೇ ದೊಡ್ಡ ಲೋಟದಷ್ಟು ನೀರು ಬಿಡ್ತಾನೆ. ಕಿಟಕಿ ಮೇಲೆ, ಗೋಡೆ ಮೇಲೆ, ಈ ಡಬ್ಬಿ ಒಳಗೆ. ಯಾರೋ ಇಲ್ಲಿ ದಿನಾ ಮಲಗ್ತಾ ಇದ್ದಾರೆ ಶಿವಕ್ಕ. ಡಬ್ಬಿ ತುಂಬಿದಾಗೆಲ್ಲ ಚೆಲ್ಲಿ, ಹೊಸ ಹರಳು ಹಾಕ್ತಾ ಇದ್ದಾರೆ."

ಡಬ್ಬಿಯ ತಳದಲ್ಲಿ ಎರಡು ಬೆರಳು ನೀರಿತ್ತು.

"ಅಂದ್ರ ಈ ನೀರು..."

"ಉಸಿರು. ಯಾರದೋ ಉಸಿರು."

'ಯಾರದೋ' ಎಂಬ ಮಾತು ಶಿವಕ್ಕನ ಕಿವಿಗೆ ಬೀಳಲಿಲ್ಲ. ಹುಚ್ಚು ಮನಸ್ಸು, ಅದಕ್ಕೆ ಬೇಕಾದಷ್ಟನ್ನೇ ಕೇಳಿಸಿಕೊಂಡಿತು. ಅವಳು ಮಂಚದ ಅಂಚಿನಲ್ಲಿ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ನೀರು ತುಳುಕದ ಹಾಗೆ ಎರಡೂ ಕೈಯಿಂದ ಹಿಡಿದಳು.

ಇಪ್ಪತ್ತೆರಡು ವರ್ಷ ಆ ಉಸಿರಿನ ಪಕ್ಕದಲ್ಲಿ ಮಲಗಿದವಳು. ಚಿಕ್ಕವನಿದ್ದಾಗ ಹುತುತು ಆಡಿ ಮೂಗು ಮುರಿದುಕೊಂಡವನು ರುದ್ರೇಶ. ಅಂದಿನಿಂದ ಮೂರು ಉಸಿರಿಗೊಮ್ಮೆ ಎಡ ಹೊಳ್ಳೆಯಲ್ಲಿ ಸಣ್ಣದೊಂದು ಸಿಳ್ಳೆ. ಹೊಸದಾಗಿ ಮದುವೆಯಾದಾಗ ಅದಕ್ಕೆ ನಿದ್ದೆ ಬರುತ್ತಿರಲಿಲ್ಲ, ದಿಂಬು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಈಗ ಅದಿಲ್ಲದೆ ನಿದ್ದೆ ಬರುವುದಿಲ್ಲ. ನಡುರಾತ್ರಿ ಎಚ್ಚರವಾದರೆ ಮೂರು ಎಣಿಸಿ ಕಾಯುತ್ತಾಳೆ, ಸಿಳ್ಳೆ ಬರುವುದಿಲ್ಲ, ಮತ್ತೆ ಒಂದರಿಂದ ಎಣಿಸುತ್ತಾಳೆ.

"ಅವರ ಇರಬೇಕ್ರಿ" ಎಂದಳು. "ಗಾಡಿ ಅಂದ್ರ ಜೀವಾ ಅವರಿಗೆ. ಹೇಳೇನಿಲ್ಲ ನಿಮಗ, ಮೊದಲನೇ ವರ್ಷದ್ದು?"

"ಹೇಳಿದ್ದೀರಿ" ಎಂದಳು ವೇದಾ. ಹೇಳಿಸಿಕೊಳ್ಳುವುದು ತನ್ನ ಕೆಲಸವೇ ಎನ್ನುವಂತೆ ಗೋಡೆಗೊರಗಿ ನಿಂತಳು.

ತೊಂಬತ್ತೆಂಟರಲ್ಲಿ ಗಾಡಿ ಕೊಂಡ ಮೊದಲ ಚಳಿಗಾಲ. ರುದ್ರೇಶ ಸಿಂದಗಿ ಕಡೆಯವನು. ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಇರುವೆ ಉಸಿರಾಡಲೂ ಎಡೆಯಿಲ್ಲದಂತೆ ಮಾಡಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಕಂಡು ಬೆಳೆದ ಜೀವ. ಮನೆಗಾಡಿಗೂ ಅದೇ ನ್ಯಾಯ ಹಚ್ಚಿದ. ಗಾಳಿ ಆಡಲೆಂದು ಗಾಡಿ ಮಾಡಿದವರು ಬಿಟ್ಟ ತೂತುಗಳನ್ನೆಲ್ಲ ಹುಡುಕಿ ಹುಡುಕಿ ಟೇಪು ಬಡಿದ. "ಈಗ ಬಾ ಅನ್ನು ನಿಮ್ಮ ಲಂಡನ್ನಿನ ತೇವಕ್ಕ" ಎಂದು ಮೀಸೆ ತಿರುವಿದ. ಮಾರ್ಚಿನಲ್ಲಿ ಬಾಗಿಲು ತೆಗೆದರೆ ಹಾಸಿಗೆ, ಪರದೆ, ಗೋಡೆ ಎಲ್ಲದರ ಮೇಲೂ ಹಸಿರು ಬೂಷ್ಟು. ಈ ಊರಿನ ತೇವ ಹೊರಗಿನಿಂದ ಬರುವುದಲ್ಲ, ಒಳಗೇ ಇದ್ದು ದಾರಿ ಸಿಗದೆ ಕೊಳೆಯುವುದು ಎಂದು ಆ ವರ್ಷ ಇಬ್ಬರಿಗೂ ತಿಳಿಯಿತು. ಶಿವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹಗೇವಿನ ಒಂದು ಪದ್ಧತಿಯನ್ನು ಮಾತ್ರ ಅವನು ಬಿಡಲಿಲ್ಲ. ಹಗೇವು ತೆರೆದವರು ಮೊದಲು ದೀಪ ಇಳಿಬಿಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯುವಂತಿಲ್ಲ. ಪ್ರತಿ ಮಾರ್ಚಿನಲ್ಲೂ ರುದ್ರೇಶ ಗಾಡಿಯ ಬಾಗಿಲು ತೆರೆದು, ಜಾಮ್ ಬಾಟಲಿಯ ಮುಚ್ಚಳದಲ್ಲಿ ಶೇಂಗಾ ಎಣ್ಣೆ ಹಾಕಿ, ಹಳೆಯ ಬನಿಯನ್ನಿನ ಅಂಚು ಹರಿದು ಬತ್ತಿ ಮಾಡಿ, ದೀಪ ಹಚ್ಚಿ ಹೊಸಿಲ ಒಳಗಿಡುತ್ತಿದ್ದ. "ಮುಚ್ಚಿಟ್ಟ ಜಾಗಕ್ಕ ಮೊದಲ ದೀಪಾ, ಆಮ್ಯಾಲ ಮನಶ್ಯಾ" ಎನ್ನುತ್ತಿದ್ದ. ಪಕ್ಕದ ಗಾಡಿಯ ಇಂಗ್ಲಿಷರು ಏನೋ ಪೂಜೆ ಎಂದುಕೊಂಡು ಟೋಪಿ ತೆಗೆದು ನಿಲ್ಲುತ್ತಿದ್ದರು.

ಆಮೇಲೆ ಇಬ್ಬರೂ ಒಳಗೆ ಕೂತು ಚಹಾ ಕುಡಿಯುವುದು. ಬೇಸಿಗೆಯಲ್ಲಿ ಯಾವ ಸಮುದ್ರಕ್ಕೆ ಹೋಗೋಣ ಎಂದು ಮ್ಯಾಪು ಹರವುವುದು. ಅಷ್ಟೇ ಇದ್ದದ್ದು ಸುಖ. ಅಷ್ಟೇ ಬೇಕಿತ್ತು ಶಿವಕ್ಕನಿಗೆ, ಒಂದು ಕೂದಲೆಳೆಯೂ ಹೆಚ್ಚಲ್ಲ.

ಹೊರಗೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸಪ್ಪಳ.

ವೇದಾ ತುಟಿಯ ಮೇಲೆ ಬೆರಳಿಟ್ಟಳು. ಹೆಜ್ಜೆ ಗಾಡಿಯ ಬಾಗಿಲಿಗೆ ಬಂದು ನಿಂತಿತು. ಬೀಗದೊಳಗೆ ಚಾವಿ ಹೊಕ್ಕಿತು.

ಶಿವಕ್ಕನಿಗೆ ಗೊತ್ತಿದ್ದ ಹಾಗೆ ಆ ಗಾಡಿಗೆ ಇದ್ದದ್ದು ಎರಡೇ ಚಾವಿ. ಒಂದು ಶಿವಕ್ಕನ ಪರ್ಸಿನಲ್ಲಿ. ಇನ್ನೊಂದು ರುದ್ರೇಶನ ಗೊಂಚಲಿನಲ್ಲಿ, ಅವನ ಜೊತೆಗೇ ಹೋದದ್ದು.

ಶಿವಕ್ಕ ಎದ್ದು ನಿಂತಳು. ಡಬ್ಬಿಯ ನೀರು ತುಳುಕಿ ಕೋಟಿನ ಮೇಲೆ ಚೆಲ್ಲಿತು, ಅವಳಿಗೆ ಅದರ ಪರಿವೆಯೇ ಇಲ್ಲ. ಕೈ ತಾನಾಗಿಯೇ ಹಣೆಗೆ ಹೋಗಿ ಕುಂಕುಮ ಸರಿಯಿದೆಯೇ ನೋಡಿತು, ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿತು. ಐವತ್ತರ ಹೆಂಗಸಿನ ಎದೆ ಹದಿನೆಂಟರದ್ದಾಗಿ ಬಡಿದುಕೊಂಡಿತು.

ಬಾಗಿಲು ತೆರೆಯಿತು.

"ಅತ್ತಿಗೆ!"

ಬಂದವನು ಆನಂದತೀರ್ಥ. ರುದ್ರೇಶನ ಜೊತೆ ಅದೇ ಡಿಪೋದಲ್ಲಿ ಬಸ್ಸು ಓಡಿಸುವ ಮೈಸೂರಿನವನು, ಅವನ ಜೀವದ ಗೆಳೆಯ. ಕಡೆಯ ದಿನ ರುದ್ರೇಶನ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡಿದವನು. ಮೈಮೇಲೆ ಬಸ್ ಕಂಪನಿಯ ಜಾಕೆಟ್ಟು, ಕಂಕುಳಲ್ಲಿ ಬ್ರೆಡ್ಡು, ಕೆಂಪಗೆ ನಿದ್ದೆಗೆಟ್ಟ ಕಣ್ಣು.

ಶಿವಕ್ಕ ಅವನ ಬೆನ್ನ ಹಿಂದೆ ಇಣುಕಿ ನೋಡಿದಳು, ಬೇರೆ ಯಾರೂ ಇರಲಿಲ್ಲ. ದೊಪ್ಪನೆ ಮಂಚದ ಮೇಲೆ ಕೂತಳು.

ವೇದಾ ಅವನನ್ನು ಬಾಗಿಲಲ್ಲೇ ತಡೆದಳು. "ಹೋದ ವಾರ ನನ್ನ ಮುಂದೆ ಏನು ಹೇಳಿದ್ರಿ ಸಾರ್? ರುದ್ರೇಶ್ ಅವರ ಗಾಡಿ ನೋಡೇ ವರ್ಷಗಳಾಯ್ತು ಅಂದ್ರಿ."

"ಹೇಳಿದ್ದೆ."

"ಈ ಚಾವಿ?"

"ಅವನೇ ಮಾಡಿಸಿ ಕೊಟ್ಟಿದ್ದು. ಅಕಸ್ಮಾತ್ ಬೇಕಾದೀತು ಇಟ್ಕೊಂಡಿರು ಅಂದ. ಅತ್ತಿಗೆಗೆ ಗೊತ್ತಿರಲಿಲ್ಲ." ಆನಂದತೀರ್ಥ ಬ್ರೆಡ್ಡನ್ನು ಒಲೆಯ ಪಕ್ಕ ಇಟ್ಟ. ಆ ಇಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ದಿನಾ ಅಲ್ಲೇ ಇಟ್ಟ ಕೈ. "ಹೆಂಡತಿ ರಜನಿ ನನ್ನನ್ನು ಮನೆಗೆ ಸೇರಿಸ್ತಾ ಇಲ್ಲ. ತಪ್ಪು ನಂದೇ, ಕುಡಿತ. ರಾತ್ರಿ ಪೂರ್ತಿ ಬಸ್ ಓಡಿಸ್ತೀನಿ, ಬೆಳಗ್ಗೆ ಬಂದು ಇಲ್ಲಿ ಬೀಳ್ತೀನಿ. ಯಾರಿಗೆ ಅಂತ ಹೇಳ್ಲಿ? ಕನ್ನಡದವರ ನಡುವೆ ಒಬ್ಬರಿಗೆ ಗೊತ್ತಾದ್ರೆ ಲಂಡನ್ನಿಗೆಲ್ಲ ಗೊತ್ತಾಗುತ್ತೆ."

"ಹಾಸಿಗ್ಯಾಗ ನೀವ ಮಲಗತಿದ್ರಿ?" ಶಿವಕ್ಕನ ದನಿ ಸಣ್ಣಗಿತ್ತು.

"ಹೌದು ಅತ್ತಿಗೆ."

"ಕಪಾಟಿನಾಗ ಒಂದು ಕೌದಿ ಇತ್ತು. ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಟ್ಟಿದ್ದೆ."

ಅವನು ತಲೆ ತಗ್ಗಿಸಿದ. "ಚಳಿ ತಡೆಯೋಕಾಗಲಿಲ್ಲ."

ಶಿವಕ್ಕ ಕಾಲ ಬುಡದಲ್ಲಿ ಮಡಚಿಟ್ಟಿದ್ದ ಕೌದಿಯನ್ನು ಎಳೆದುಕೊಂಡಳು. ರುದ್ರೇಶನ ಹಳೆಯ ಅಂಗಿಗಳನ್ನು ಕತ್ತರಿಸಿ, ತಾನೇ ಒಂದೊಂದು ಹೊಲಿಗೆ ಹಾಕಿ ಮಾಡಿದ ಕೌದಿ. ಮುಖಕ್ಕೆ ಒತ್ತಿಕೊಂಡಳು. ಮೂಸಿದಳು. ಇನ್ನೊಂದು ಮೂಲೆಯನ್ನು ಮೂಸಿದಳು.

"ಅವರ ವಾಸನಿ ಇತ್ತು ಇದರಾಗ" ಎಂದಳು. "ಆ ಹರಳು ವಾಸನಿನೂ ಹೀರಿಬಿಡತಾವೇನೋ ಅಂತ ಹೆದರಿ, ಮೂರು ಚೀಲ ಹಾಕಿ ಗಂಟು ಕಟ್ಟಿದ್ದೆ. ವರ್ಷಕ್ಕ ಒಂದ ಸಲ, ಒಂದ ಸಲ ಬಿಚ್ಚಿ ಮೂಸತಿದ್ದೆ. ಈಗ ಡೀಸೆಲ್ ನಾರತೈತಿ. ನಿಮ್ಮ ಮನಿ ಹಾಳಾಗಲಿ, ಏನ ಮಾಡಿದ್ರಿ ಇದು!"

ಆನಂದತೀರ್ಥ ಅಳತೊಡಗಿದ. ದೊಡ್ಡ ಗಂಡಸು, ಬಾಗಿಲ ಕಂಬ ಹಿಡಿದು ಮಗುವಿನಂತೆ ಅತ್ತ. ಶಿವಕ್ಕನಿಗೆ ಕನಿಕರ ಬರಲಿಲ್ಲ. ಇಷ್ಟು ಹೊತ್ತು ಮಡಿಲಲ್ಲಿ ಹಿಡಿದು ಕೂತದ್ದು ಈ ಮನುಷ್ಯನ ಉಸಿರು ಎಂದು ನೆನೆದು ಮೈ ಹೇಸಿತು. ಡಬ್ಬಿಯನ್ನು ಎತ್ತಿ ಸಿಂಕಿಗೆ ಸುರಿಯಲು ಹೊರಟಳು.

ವೇದಾ ಅವಳ ಕೈ ಹಿಡಿದಳು. "ತಾಳಿ ಶಿವಕ್ಕ. ಸಾರ್, ನೀವು ಇಲ್ಲಿಗೆ ಬಂದಿದ್ದು ಯಾವತ್ತು? ಸರಿಯಾಗಿ ಹೇಳಿ."

"ಡಿಸೆಂಬರ್ ಇಪ್ಪತ್ತೆರಡು. ಕ್ರಿಸ್‌ಮಸ್ ರಜೆಯ ಡ್ಯೂಟಿ ಪಟ್ಟಿ ಹಾಕಿದ ದಿನ."

"ಆವತ್ತು ಈ ಡಬ್ಬಿ ಹೇಗಿತ್ತು?"

"ತುಂಬಿ ಹೊರಗೆ ಚೆಲ್ಲಿತ್ತು. ಕಾರ್ಪೆಟ್ಟು ಒದ್ದೆ. ಹರಳು ಒಂದೂ ಉಳಿದಿರಲಿಲ್ಲ. ನಾನೇ ಒರೆಸಿ, ಹೊಸ ಹರಳು ತಂದು ಹಾಕಿದ್ದು."

ವೇದಾ ಮುಂದಿನ ಡಬ್ಬಿಯನ್ನು ತಂದು ಇದರ ಪಕ್ಕ ಇಟ್ಟಳು. ಎರಡರ ಮೇಲೂ ಶಿವಕ್ಕನ ಕೈಬರಹದಲ್ಲಿ ಒಂದೇ ತಾರೀಖು. "ಈ ಡಬ್ಬಿ ಹತ್ತು ವಾರದಲ್ಲಿ ಅರ್ಧ ತುಂಬಿದೆ. ಆ ಡಬ್ಬಿ ಐದೇ ವಾರದಲ್ಲಿ ಪೂರ್ತಿ ತುಂಬಿ ಚೆಲ್ಲಿತ್ತು, ಇವರು ಬರೋಕೆ ಮುಂಚೆ. ಹಾಗಿದ್ರೆ ಆ ಐದು ವಾರ ಇಲ್ಲಿ ಉಸಿರಾಡಿದ್ದು ಯಾರು?"

ಆನಂದತೀರ್ಥ ಒಂದು ಡಬ್ಬಿಯಿಂದ ಇನ್ನೊಂದರ ಕಡೆಗೆ ನೋಡಿದ.

"ಬೇರೆ ಏನಾದ್ರೂ ಕಂಡಿತಾ ಸಾರ್? ಬಟ್ಟೆ, ಕಾಗದ, ಏನಾದ್ರೂ?"

"ಹಾಸಿಗೆ ಮಲಗಿಸಿತ್ತು. ಆಮೇಲೆ..." ಆನಂದತೀರ್ಥ ಕಣ್ಣೊರೆಸಿಕೊಂಡು ಚಮಚದ ಖಾನೆ ಎಳೆದ. "ಬಾಗಿಲು ತೆಗೆದ ತಕ್ಷಣ ಇದು ಕಾಲಿಗೆ ಸಿಕ್ತು. ದೀಪ ಹಚ್ಚಿದ ಗುರುತಿತ್ತು. ದೀಪದ ಸಾಮಾನು ಅಂತ ಕಸಕ್ಕೆ ಹಾಕೋಕೆ ಮನಸ್ಸಾಗಲಿಲ್ಲ. ಇಟ್ಟಿದ್ದೆ."

ಅವನ ಅಂಗೈಯಲ್ಲಿ ಜಾಮ್ ಬಾಟಲಿಯ ಮುಚ್ಚಳ. ಕೆಂಪು ಬಿಳಿ ಚೌಕಳಿ. ಒಳಗೆ ಒಣಗಿದ ಎಣ್ಣೆಯ ಜಿಡ್ಡು, ತುದಿ ಸುಟ್ಟು ಅರ್ಧ ಉಳಿದ ಬತ್ತಿ.

ನವೆಂಬರ್‌ನಲ್ಲಿ ಶಿವಕ್ಕ ಖಾನೆಗಳನ್ನೆಲ್ಲ ಬರಿದು ಮಾಡಿ, ಒರೆಸಿ, ತೆರೆದಿಟ್ಟು ಹೋಗಿದ್ದಳು. ಆಗ ಈ ಮುಚ್ಚಳ ಇರಲಿಲ್ಲ.

"ಮುಚ್ಚಿಟ್ಟ ಜಾಗಕ್ಕ ಮೊದಲ ದೀಪಾ" ಎಂದಳು. ಲಂಡನ್ನಿನಲ್ಲಿ ಲಕ್ಷ ಜನ ಗಾಡಿ ಇಟ್ಟಿರಬಹುದು. ಬಾಗಿಲು ತೆರೆದು ದೀಪ ಇಟ್ಟು, ಆರುತ್ತದೋ ಇಲ್ಲವೋ ನೋಡಿ ಒಳಗೆ ಹೋಗುವವನು ಒಬ್ಬನೇ. ಅವನು ಬದುಕಿದ್ದ. ಎರಡು ತಿಂಗಳ ಹಿಂದೆ ಇದೇ ಹೊಸಿಲಲ್ಲಿ ಕೂತು ಬೆಂಕಿಕಡ್ಡಿ ಗೀರಿದ್ದ. ಅವಳು ಹೇಸ್‌ನ ಮನೆಯಲ್ಲಿ ಮೂರು ಎಣಿಸಿ ಕಾಯುತ್ತಿದ್ದ ರಾತ್ರಿಗಳಲ್ಲಿ, ಅವನು ಇಲ್ಲಿ, ಬಸ್ಸಿನಲ್ಲಿ ನಲವತ್ತು ನಿಮಿಷದ ದೂರದಲ್ಲಿ ಸಿಳ್ಳೆ ಹಾಕುತ್ತಾ ಮಲಗಿದ್ದ.

"ಇದ್ದಾರ್ರಿ! ನಮ್ಮನಿಯವರು ಇದ್ದಾರ!" ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಮುಚ್ಚಳವನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, ಆರಿದ ದೀಪವನ್ನು ಕಂಡರೆ ಯಾವ ಹೆಂಗಸಿನ ಕೈಯೂ ಮಾಡುವುದನ್ನು ಅವಳ ಕೈಯೂ ಮಾಡಿತು. ಬತ್ತಿಯನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಇನ್ನೊಂದು ಸುತ್ತು ಬಿಗಿ ಮಾಡಲು ಹೋಯಿತು.

ಬತ್ತಿ ಬಿಚ್ಚಿಕೊಂಡಿತು.

ಶಿವಕ್ಕನ ಬೆರಳು ನಿಂತವು. ಇನ್ನೊಮ್ಮೆ ತಿರುವಿದಳು. ಹತ್ತಿಯ ಎಳೆ ಇನ್ನಷ್ಟು ಸಡಿಲವಾಯಿತು.

ಬನಿಯನ್ನಿನ ಚೂರಲ್ಲ ಇದು, ಹತ್ತಿ. 'ಅವರಿಗೆಲ್ಲಿ ಬತ್ತಿ ಹೊಸೆಯಾಕ ಬರತೈತಿ' ಎಂದುಕೊಂಡಳು. ಎಲ್ಲರ ಬತ್ತಿಯೂ ಒಂದು ಕಡೆಗೆ ತಿರುಗಿದರೆ ಇದು ಇನ್ನೊಂದು ಕಡೆಗೆ ತಿರುಗಿತ್ತು. ಇಂಥ ಬತ್ತಿಯನ್ನು ಅವಳು ಪ್ರತಿ ಸೋಮವಾರ ಬಿಚ್ಚುತ್ತಿದ್ದಳು, ನಗುತ್ತಿದ್ದಳು.

"ಏನಾಯ್ತು ಶಿವಕ್ಕ?"

ಅವಳು ಬೆವೆತ ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದಳು.

ಹೊರಗೆ ಕಾರಿನಲ್ಲಿ ಕೃಷ್ಣವೇಣಿ ಫೋನು ಹಿಡಿದು ಮಾತಾಡುತ್ತಿದ್ದಳು. ಎಡಗೈಯಲ್ಲಿ, ಎಡಗಿವಿಗೆ. ಮಾತಾಡುತ್ತಲೇ ಗಾಡಿಯ ಕಡೆ ನೋಡಿದಳು, ಒರೆಸಿದ ಗಾಜಿನಲ್ಲಿ ವೈನಿಯ ಮುಖ ಕಂಡಳು. ಫೋನನ್ನು ಸರಕ್ಕನೆ ಮಡಿಲಿಗೆ ಇಳಿಸಿದಳು.

ಶಿವಕ್ಕ ಕೆಳಗಿಳಿದಳು. ಜಲ್ಲಿಯ ಮೇಲೆ ನಡೆದದ್ದು ಹತ್ತು ಹೆಜ್ಜೆ. ಸೋಮವಾರ, ಸೋಮವಾರ, ಸೋಮವಾರ. ಎದುರಿಗೆ ಕೂತು, ತನ್ನ ಕಣ್ಣೀರು ಒರೆಸುತ್ತಾ, ತಟ್ಟೆಯಲ್ಲಿ ಬತ್ತಿ ಹೊಸೆದಿಡುತ್ತಿದ್ದ ಕೈ. 'ಅಣ್ಣ ಬರೂದಿಲ್ಲ, ಮಾಡೂದು ಮಾಡಿ ಮುಗಿಸು' ಎಂದ ಬಾಯಿ. ಬೈಯಬೇಕಾದ ಮಾತೆಲ್ಲ ಅವಳ ನಾಲಗೆಯ ತುದಿಗೆ ಬಂದಿತ್ತು.

ಕೃಷ್ಣವೇಣಿ ಗಾಜು ಇಳಿಸಿದಳು. ಶಿವಕ್ಕನ ಕೈಯಲ್ಲಿದ್ದ ಚೌಕಳಿ ಮುಚ್ಚಳ ಕಂಡದ್ದೇ ಅವಳ ಮುಖ ಬಿಳುಚಿಕೊಂಡಿತು.

"ವೈನೀ, ನಾ ಹೇಳತೀನಿ, ಕೇಳು..."

ಶಿವಕ್ಕ ಕೇಳಲಿಲ್ಲ. ನಾದಿನಿಯ ಮಡಿಲಲ್ಲಿ ಫೋನಿನ ಪರದೆ ಇನ್ನೂ ಬೆಳಗುತ್ತಿತ್ತು. ಮಾತು ಕಡಿದಿರಲಿಲ್ಲ. ಕೈ ಹಾಕಿ ತೆಗೆದುಕೊಂಡಳು, ಕಿವಿಗೆ ಹಿಡಿದಳು.

ಆ ಕಡೆ ಯಾರೂ ಮಾತಾಡಲಿಲ್ಲ. ಬರೀ ಉಸಿರು.

ಒಂದು.

ಎರಡು.

ಮೂರನೆಯದಕ್ಕೆ, ಎಡ ಹೊಳ್ಳೆಯಲ್ಲಿ, ಸಣ್ಣ ಸಿಳ್ಳೆ.

ಎರಡು ವರ್ಷ ಮೂರು ತಿಂಗಳು ಕೂಡಿಸಿಟ್ಟ ಪ್ರಶ್ನೆಗಳಿದ್ದವು. ಎಲ್ಲಿದ್ದೀರಿ, ಯಾಕೆ ಹೋದಿರಿ, ನಾನೇನು ತಪ್ಪು ಮಾಡಿದೆ. ಒಂದೂ ಬಾಯಿಗೆ ಬರಲಿಲ್ಲ. ದಿನಾ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುವವನಿಗೆ ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದದ್ದೇ ಬಂತು.

"ಊಟಾ ಆತೇನ್ರಿ?"

ಉಸಿರು ನಿಂತಿತು.

"ಇನ್ನೂ ಇಲ್ಲ, ಶಿವೂ."

ಫೋನು ಕಟ್ಟಾಯಿತು.

ಹಿಂದಿನಿಂದ ಬಂದ ವೇದಾ ಮೆಲ್ಲಗೆ ಫೋನನ್ನು ಅವಳ ಕೈಯಿಂದ ಬಿಡಿಸಿಕೊಂಡು ನಂಬರು ನೋಡಿದಳು. "ಸೊನ್ನೆ ಒಂದು ಎಂಟು ಒಂಬತ್ತು ಐದು. ಅಕ್ಸ್‌ಬ್ರಿಡ್ಜ್ ನಂಬರು ಇದು. ಇದೇ ಊರು ಶಿವಕ್ಕ, ಎಲ್ಲೋ ಇಲ್ಲೇ ಹತ್ತಿರ."

ಶಿವಕ್ಕ ಕಾರಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತಳು. ಮುಚ್ಚಳವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಲ್ಟು ಹಾಕಿಕೊಂಡಳು.

"ನಡಿ, ಕೃಷ್ಣವೇಣಿ. ಬೈಯೂದಿಲ್ಲ ನಿನಗ. ಏನೂ ಕೇಳೂದಿಲ್ಲ. ಅವರು ಉಂಡಿಲ್ಲ. ನಡಿ."

ಕೃಷ್ಣವೇಣಿ ಕಾರಿನ ಚಾವಿಯನ್ನು ಕಿತ್ತು ಎಡಗೈ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಕಣ್ಣಲ್ಲಿ ದಳದಳ ನೀರು.

"ಒಯ್ಯಾಕ ಆಗೂದಿಲ್ಲ ವೈನೀ" ಎಂದಳು. "ಅಣ್ಣ ಅಲ್ಲಿ ಒಬ್ಬನ ಇದ್ದಿದ್ರ, ನಾನ ಎಂದೋ ನಿನ್ನ ಕೈ ಹಿಡಿದು ಕರಕೊಂಡು ಹೋಗತಿದ್ದೆ."